ಮಾರ್ಸ್ ಡ್ರೆಸ್ಡನ್‌ಗೆ ಮರಳಿದ, ನಮ್ಮ ಉತ್ಸವಮೂರ್ತಿಗಳ ದಾಖಲೆ ಎಲ್ಲಿದೆ?

2018ರಲ್ಲಿ ಲಂಡನ್ನಿನ ಸದಬೀಸ್ ಹರಾಜಿಗೆ ಒಂದು ಕಂಚಿನ ಮೂರ್ತಿ ಬರುವುದಿತ್ತು. ರೋಮನ್ನರ ಯುದ್ಧದೇವತೆ ಮಾರ್ಸ್, ಮೊಳಕ್ಕಿಂತ ಚಿಕ್ಕವನು, ಅಂದಾಜು ಬೆಲೆ 30ರಿಂದ 50 ಲಕ್ಷ ಪೌಂಡ್. ಇಟಲಿಯ ಫ್ಲಾರೆನ್ಸನ್ನು ಆಳುತ್ತಿದ್ದ ಮೆಡಿಚಿ ಮನೆತನದ ಆಸ್ಥಾನಶಿಲ್ಪಿ ಜಾಂಬೊಲೊನ್ಯ ಇದನ್ನು ಮಾಡಿ 1587ರಲ್ಲಿ ಜರ್ಮನಿಯ ಡ್ರೆಸ್ಡನ್‌ನಲ್ಲಿದ್ದ ಸ್ಯಾಕ್ಸನಿಯ ದೊರೆಗೆ ತಾನೇ ಉಡುಗೊರೆ ಕಳಿಸಿದ್ದ. 1924ರಲ್ಲಿ ಅದು ಹಳೆಯ ರಾಜಮನೆತನದ ಪಾಲಾಗಿ, ಕಡೆಗೆ ಜರ್ಮನಿಯ ಔಷಧ ಕಂಪನಿ ಬಾಯರ್‌ನ ಕೈಸೇರಿತ್ತು. ಮಾರಾಟದ ಸುದ್ದಿ ತಿಳಿದದ್ದೇ ಜರ್ಮನಿಯಲ್ಲಿ ವಿರೋಧ ಎದ್ದಿತು. ಹರಾಜು ನಿಂತಿತು, ಸರ್ಕಾರ, ಪ್ರತಿಷ್ಠಾನಗಳು, ಆ ಕಂಪನಿಯೂ ಕೈಜೋಡಿಸಿ ಮೂರ್ತಿಯನ್ನು ಡ್ರೆಸ್ಡನ್ ವಸ್ತುಸಂಗ್ರಹಾಲಯಕ್ಕೇ ಮರಳಿಸಿದರು.

ಜರ್ಮನಿಯಲ್ಲೇ ಬದುಕು ಕಟ್ಟಿಕೊಂಡ ನನಗೆ ಈ ಮಾರ್ಸ್ ಬಲು ಇಷ್ಟ. ಮೈಮೇಲೆ ನೂಲಿಲ್ಲ, ಹೆಜ್ಜೆ ಮುಂದಿಟ್ಟು ಕತ್ತನ್ನು ಸರ್ರನೆ ಹೊರಳಿಸಿದ್ದಾನೆ. ಮೇಣದಲ್ಲಿ ರೂಪ ತಿದ್ದಿ, ಮಣ್ಣು ಮೆತ್ತಿ, ಮೇಣ ಕರಗಿಸಿ ಆ ಜಾಗಕ್ಕೆ ಲೋಹ ಹೊಯ್ಯುವ ಕೆಲಸ ಫ್ಲಾರೆನ್ಸಿನಲ್ಲೂ ನಮ್ಮಲ್ಲೂ ಒಂದೇ. ಅವರು ಒಳಗೆ ಟೊಳ್ಳು ಬಿಡುತ್ತಿದ್ದರು, ನಮ್ಮ ಸ್ಥಪತಿಗಳು ಗಟ್ಟಿ ಎರಕ ಹೊಯ್ಯುತ್ತಾರೆ. ಆದರೆ ಅವನಿಗೆ ಪ್ರಾಣಪ್ರತಿಷ್ಠೆ ಆಗಿಲ್ಲ, ಯಾರೂ ನೈವೇದ್ಯ ಇಟ್ಟಿಲ್ಲ. ಅರಸರ ಕಣ್ಣಿಗಾಗಿ ಹುಟ್ಟಿದವನು. ಅವನಿಗೆ ಬೆಲೆ ಕಟ್ಟಿದ್ದು ತಪ್ಪೆಂದು ನಾನು ಹೇಳಲಾರೆ. ಆದರೆ ಮೇಲುಕೋಟೆಯ ಉತ್ಸವಮೂರ್ತಿ ಚೆಲುವಪಿಳ್ಳೆಗೆ ಬೆಲೆ ಕಟ್ಟುವ ಮಾತನ್ನು ಯೋಚಿಸಲೂ ಆಗದು. ರಾಮಾನುಜಾಚಾರ್ಯರು ಆತನನ್ನು ದೆಹಲಿಯಿಂದ ಮರಳಿ ತಂದರೆಂಬ ಕಥೆಯನ್ನು ಜನ ಇಂದಿಗೂ ಮನೆಮಗನ ವಿಷಯದಂತೆ ಹೇಳುತ್ತಾರೆ.

ಜರ್ಮನ್ನರಿಂದ ನಾವು ಕಲಿಯಬೇಕಾದ್ದು ದಾಖಲೆ. ಡ್ರೆಸ್ಡನ್ ಅರಮನೆಯ 1587ರ ವಸ್ತುಪಟ್ಟಿಯಲ್ಲೇ ಮಾರ್ಸ್‌ನ ಹೆಸರಿದೆ. ನಮ್ಮೂರ ಗುಡಿಯ ಉತ್ಸವಮೂರ್ತಿಗೆ ಸರಿಯಾದ ಒಂದು ಫೋಟೊ ಇಲ್ಲ. ಇರುವುದೆಲ್ಲ ತೇರಿನ ದಿನದವು, ಹಾರ ಮತ್ತು ರೇಷ್ಮೆಯ ನಡುವೆ ಮುಖವಷ್ಟೇ ಕಾಣುವಂಥವು. ಅಭಿಷೇಕದಿಂದ ಮೂಗು ಸವೆದಿದೆ. ಸವೆಯಲಿ, ದೇವರನ್ನು ಗಾಜಿನೊಳಗಿಡಿ ಎಂದು ನಾನು ಕೇಳುತ್ತಿಲ್ಲ. ಕಳುವಾದರೆ ಪೊಲೀಸರಿಗೆ ತೋರಿಸಲು ಏನಿದೆ ಎಂಬುದೇ ನನ್ನ ಆತಂಕ. ಕಳ್ಳಸಾಗಣೆಯಾಗಿದ್ದ ತಮಿಳುನಾಡಿನ ಪತ್ತೂರು ನಟರಾಜನ ಕಂಚಿನ ಮೂರ್ತಿಯನ್ನು ಮರಳಿ ಪಡೆಯಲು ಲಂಡನ್ನಿನ ಕೋರ್ಟುಗಳಲ್ಲಿ ವರ್ಷಗಟ್ಟಲೆ ಹೋರಾಡಬೇಕಾಯಿತು. 1991ರಲ್ಲಷ್ಟೇ ಆತ ಮರಳಿದ. ನಮ್ಮ 1972ರ ಪುರಾತನ ವಸ್ತುಗಳ ಕಾಯ್ದೆ ನೂರು ವರ್ಷ ದಾಟಿದ ವಿಗ್ರಹಗಳನ್ನು ಖಾಸಗಿಯವರು ದೇಶದಿಂದಾಚೆ ಸಾಗಿಸದಂತೆ ತಡೆಯುತ್ತದೆ. ಆದರೆ ಇದು ನಮ್ಮದೇ ಎಂದು ತೋರಿಸಲು ಗುರುತು ಬೇಕಲ್ಲ!

ಅಲಂಕಾರವಿಲ್ಲದ ದೇವರ ಚಿತ್ರ ತೆಗೆಯಬಾರದು ಎನ್ನುವವರ ಸಂಕೋಚ ನನಗೆ ಅರ್ಥವಾಗುತ್ತದೆ. ಹೊರಗಿನವರು ಬೇಡ, ಅಭಿಷೇಕದ ದಿನ ಅರ್ಚಕರೇ ನಾಲ್ಕೂ ಕಡೆಯಿಂದ ತೆಗೆಯಲಿ. ಎತ್ತರ, ತೂಕ, ಪೀಠದ ಮೇಲಿನ ಗೀರು, ಬೆಸುಗೆ ಎಲ್ಲವನ್ನೂ ಬರೆದಿಡಲಿ. ಒಂದು ಪ್ರತಿ ಗುಡಿಯ ಪೆಟ್ಟಿಗೆಯಲ್ಲಿರಲಿ, ಇನ್ನೊಂದು ಮುಜರಾಯಿ ಇಲಾಖೆಯಲ್ಲಿ.