ಮಗು ಎಂದಿನಂತಿಲ್ಲ ಎಂದು ಅಮ್ಮ ಹೇಳಿದಾಗ

ಮಗನಿಗೆ ಆಗ ಆರು ವರ್ಷ. ಫ್ಲೂ ಹಿಡಿದು ಎರಡನೆಯ ರಾತ್ರಿ. ಎರಡು ಗಂಟೆಯ ಹೊತ್ತಿಗೆ ಹಾಸಿಗೆಯ ಮೇಲೆ ಎದ್ದು ಕುಳಿತು, ಗೋಡೆಯಿಂದ ಏನನ್ನೋ ಹೆಕ್ಕಿ ತೆಗೆಯುವವನಂತೆ ಬೆರಳಾಡಿಸತೊಡಗಿದ. ಹೆಸರು ಹಿಡಿದು ಕರೆದೆ. ತಿರುಗಿ ನೋಡಿ, "ಅಮ್ಮ ಎಲ್ಲಿ?" ಎಂದು ನನ್ನನ್ನೇ ಕೇಳಿದ. ಹಣೆ ಮುಟ್ಟಿದೆ, ಜ್ವರ ಇಳಿದಿತ್ತು. ನನ್ನ ಎದೆ ಝಲ್ಲೆಂದದ್ದು ಆಗಲೇ.

ಆಸ್ಪತ್ರೆಯಲ್ಲಿ ಮೊದಲು ನೋಡಿದ ವೈದ್ಯರು, ಜ್ವರಕ್ಕೆ ಮಕ್ಕಳು ಬಡಬಡಿಸುತ್ತಾರೆ, ಮನೆಗೆ ಕರೆದುಕೊಂಡು ಹೋಗಿ ಮಲಗಿಸಿ ಎಂದರು. ನಾನು ಕದಲಲಿಲ್ಲ. ಹಿರಿಯ ನರ್ಸ್ ಒಬ್ಬರು ಹತ್ತಿರ ಬಂದು, "ಇವನು ಎಂದಿನಂತೆ ಇದ್ದಾನೆಯೇ, ಹೇಳಿ" ಎಂದು ಕೇಳಿದರು. ಇಲ್ಲ ಎಂದೆ. ಆ ಒಂದು ಮಾತಿನ ಮೇಲೆ ಅವನನ್ನು ದಾಖಲು ಮಾಡಿಕೊಂಡರು. ಮೂರನೆಯ ದಿನ ಅವನು ಅವನಾದ.

ಫ್ಲೂ ಎಂದರೆ ನೆಗಡಿ, ಕೆಮ್ಮು, ಮೈಕೈ ನೋವು ಎಂದುಕೊಂಡಿದ್ದೇವೆ. ಅದು ಮೆದುಳಿಗೂ ಕೈ ಹಾಕಬಲ್ಲದು. ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಿಗೆ ಜ್ವರದಲ್ಲಿ ಬರುವ ಫಿಟ್ಸ್ ನೋಡಲು ಭಯಾನಕವಾದರೂ, ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ ನಿಲ್ಲುತ್ತದೆ, ಏನನ್ನೂ ಉಳಿಸಿ ಹೋಗುವುದಿಲ್ಲ. ಮಗುವನ್ನು ಪಕ್ಕಕ್ಕೆ ಹೊರಳಿಸಿ, ಬಾಯಿಗೆ ಏನನ್ನೂ ತುರುಕಬೇಡಿ. ಐದು ನಿಮಿಷ ದಾಟಿದರೆ ತುರ್ತು ಚಿಕಿತ್ಸೆ ಬೇಕು.

ನನ್ನನ್ನು ಕಾಡುವುದು ಅದಕ್ಕಿಂತ ಅಪರೂಪದ, ಅದಕ್ಕಿಂತ ಕ್ರೂರವಾದ ಸ್ಥಿತಿ. ಜಪಾನಿನ ವೈದ್ಯ ಮಿಜುಗುಚಿ ಮತ್ತು ಸಂಗಡಿಗರು 1995ರಲ್ಲಿ ಅದನ್ನು ವಿವರಿಸಿದರು: ಮೆದುಳಿನ ಆಳದಲ್ಲಿರುವ ಥಾಲಮಸ್ ಎರಡೂ ಬದಿಯಲ್ಲಿ ಊದಿಕೊಂಡು ಕೊಳೆಯುತ್ತದೆ. ಬೆನ್ನಿನ ನೀರು ತೆಗೆದು ಪರೀಕ್ಷಿಸಿದರೆ ಹೆಚ್ಚಿನವರಲ್ಲಿ ವೈರಸ್ಸೇ ಸಿಗುವುದಿಲ್ಲ. ವೈರಸ್ಸಿನ ವಿರುದ್ಧ ಎದ್ದ ದೇಹದ ರಕ್ಷಣಾ ಪಡೆಯೇ ಹತೋಟಿ ತಪ್ಪಿ ಮೆದುಳನ್ನು ಸುಡುತ್ತದೆ. ಜ್ವರ ತಲೆಗೇರಿತು ಎಂದು ಹಿರಿಯರು ಅನ್ನುತ್ತಿದ್ದರಲ್ಲ, ಆದರೆ ಏರುವುದು ಬಿಸಿಯಲ್ಲ, ಈ ಉರಿಯೂತ. ಆದ್ದರಿಂದಲೇ ಥರ್ಮಾಮೀಟರ್ ಇಳಿಯಿತೆಂದು ನೆಮ್ಮದಿಪಡುವಂತಿಲ್ಲ.

ಅಮೆರಿಕದಲ್ಲಿ ಇತ್ತೀಚೆಗೆ ಇಂಥ 41 ಮಕ್ಕಳ ವಿವರ ಕಲೆಹಾಕಿದರು. 11 ಮಕ್ಕಳು ಉಳಿಯಲಿಲ್ಲ. ಆ 41 ಮಕ್ಕಳಲ್ಲಿ ಹೆಚ್ಚಿನವರು ಅಲ್ಲಿಯವರೆಗೆ ಆಡಿಕೊಂಡಿದ್ದ ಆರೋಗ್ಯವಂತ ಮಕ್ಕಳು. ಲಸಿಕೆಯ ವಿವರ ಸಿಕ್ಕ 38 ಮಕ್ಕಳಲ್ಲಿ ಆ ವರ್ಷದ ಫ್ಲೂ ಲಸಿಕೆ ಪಡೆದಿದ್ದವರು ಆರೇ ಮಂದಿ. ಈ ಸಾಲನ್ನು ಓದಿ ನಾನು ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ. ಆ ವರ್ಷ ನನ್ನ ಮಗನಿಗೂ ಹಾಕಿಸಿರಲಿಲ್ಲ.

ಔಷಧಿಯ ಭಯದ ಬಗ್ಗೆಯೂ ಹೇಳಲೇಬೇಕು. ಫ್ಲೂ ವೈರಸ್ಸಿನ ವಿರುದ್ಧ ಕೊಡುವ ಒಸೆಲ್ಟಾಮಿವಿರ್ ಎಂಬ ಮದ್ದು ಕೊಟ್ಟರೆ ಮಕ್ಕಳು ಹುಚ್ಚುಹುಚ್ಚಾಗಿ ಆಡುತ್ತಾರೆ ಎಂಬ ಮಾತು ಇಂದಿಗೂ ಓಡಾಡುತ್ತಿದೆ. ಮಾತ್ರೆ ತೆಗೆದುಕೊಂಡ ಹದಿಹರೆಯದವರು ಮಹಡಿಯಿಂದ ಹಾರಿದ ಘಟನೆಗಳ ನಂತರ ಜಪಾನ್ ಸರ್ಕಾರ 2007ರಲ್ಲಿ ಅದನ್ನು 10ರಿಂದ 19 ವರ್ಷದವರಿಗೆ ಕೊಡಬೇಡಿ ಎಂದಿತ್ತು. ಮಾತ್ರೆ ನುಂಗದ ಫ್ಲೂ ರೋಗಿಗಳಲ್ಲೂ ಅದೇ ವರ್ತನೆ ಕಂಡುಬಂದು, 2018ರಲ್ಲಿ ಆ ನಿರ್ಬಂಧವನ್ನು ತೆಗೆಯಿತು. ಅಮೆರಿಕದ ಟೆನೆಸ್ಸಿ ರಾಜ್ಯದ ಸುಮಾರು 6,90,000 ಮಕ್ಕಳ ದಾಖಲೆಗಳನ್ನು ನೋಡಿದ 2025ರ ಅಧ್ಯಯನದಲ್ಲಂತೂ, ಫ್ಲೂ ಬಂದಾಗ ಈ ಔಷಧಿ ಪಡೆದವರಲ್ಲಿ ಗಂಭೀರ ನರ ಮತ್ತು ಮನೋ ತೊಂದರೆಗಳು ಪಡೆಯದವರಿಗಿಂತ ಅರ್ಧದಷ್ಟು ಕಡಿಮೆ ಇದ್ದವು. ರೋಗದ ತಪ್ಪನ್ನು ಇಷ್ಟು ವರ್ಷ ಮದ್ದಿನ ತಲೆಗೆ ಕಟ್ಟಿದೆವು ಎಂದೇ ನನ್ನ ಅನಿಸಿಕೆ. ನಿಜಕ್ಕೂ ದೂರವಿಡಬೇಕಾದದ್ದು ಆಸ್ಪಿರಿನ್. ಫ್ಲೂ ಇರುವ ಮಗುವಿಗೆ ಅದನ್ನು ಕೊಟ್ಟರೆ ಯಕೃತ್ತು, ಮೆದುಳು ಎರಡನ್ನೂ ಕೆಡಿಸುವ ರೈ ಸಿಂಡ್ರೋಮ್ ಬರಬಹುದು.

ವೈದ್ಯರಲ್ಲಿ ನನ್ನದೊಂದು ಕಳಕಳಿಯ ಬೇಡಿಕೆ. ಎಬ್ಬಿಸಿದರೂ ಏಳದ ಮಂಪರು, ಇಲ್ಲದ್ದನ್ನು ಕಾಣುವುದು, ಕಾರಣವಿಲ್ಲದೆ ಕಿರುಚುವುದು, ನಡಿಗೆ ತಪ್ಪುವುದು, ಮನೆಯವರ ಗುರುತು ಹತ್ತದಿರುವುದು, ಇವನ್ನು ಹೆತ್ತವರು ಹೇಳಿದಾಗ ಆತಂಕದ ಮಾತೆಂದು ತಳ್ಳಿಹಾಕಬೇಡಿ. ನೀವು ಆ ಮಗುವನ್ನು ನೋಡುತ್ತಿರುವುದು ಹತ್ತು ನಿಮಿಷದಿಂದ. ಹೆತ್ತವರು ಹುಟ್ಟಿದಂದಿನಿಂದ ನೋಡುತ್ತಿದ್ದಾರೆ.

ಮಗನಿಗೆ ಆ ರಾತ್ರಿಯ ಯಾವ ನೆನಪೂ ಇಲ್ಲ. ಈ ವರ್ಷದ ಲಸಿಕೆ ಅವನಿಗೆ ಹಾಕಿಸಿ ಆಯಿತು. ಅವನ ತಂಗಿಗೆ ಈ ಲಸಿಕೆ ಹಾಕಿಸುತ್ತಿರುವುದು ಇದೇ ಮೊದಲ ವರ್ಷ, ನಾಲ್ಕು ವಾರ ಬಿಟ್ಟು ಹಾಕಿಸಬೇಕಾದ ಎರಡನೆಯ ಡೋಸ್ ಬಾಕಿ ಇದೆ.