ಪಾಲು ತಮ್ಮನಿಗೆ, ಸಾಲ ಅಕ್ಕನಿಗೆ

ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮತ್ತೆ ಸರ್ವರ್ ಡೌನ್. ತಲಕಾವೇರಿಯ ತೀರ್ಥೋದ್ಭವಕ್ಕೆ ಗಂಟೆ, ನಿಮಿಷ ಸಮೇತ ಮುಹೂರ್ತ ಮೊದಲೇ ಗೊತ್ತಿರುತ್ತದೆ. ಅದೇ ತಾಯಿಯ ಹೆಸರಿಟ್ಟುಕೊಂಡ ನೋಂದಣಿ ತಂತ್ರಾಂಶ ಕಾವೇರಿ 2.0 ಯಾವಾಗ ಉದ್ಭವಿಸುತ್ತದೆಂದು ಯಾವ ಜೋಯಿಸರೂ ಹೇಳಲಾರರು. ಅಲ್ಲಿ ಕಾದವರಿಗೆ ಪುಣ್ಯವಾದರೂ ಸಿಗುತ್ತದೆ. ಇಲ್ಲಿ ಸಿಗುವುದು ನಾಳೆಯ ಟೋಕನ್.

ಸರ್ವರ್ ಎದ್ದಿತೆಂದೇ ಇಟ್ಟುಕೊಳ್ಳಿ. ಕೊಡಗಿನ ಗೋಣಿಕೊಪ್ಪ ಕಡೆಯ ಒಂದು ಕಾಫಿ ತೋಟ, ಒಡಹುಟ್ಟಿದ ಮೂವರ ಜಂಟಿ ಹೆಸರು, ಮೇಲೆ ಮೂವರೂ ಸಹಿ ಹಾಕಿದ ಬ್ಯಾಂಕ್ ಸಾಲ. ಮೈಸೂರು ಸೇರಿದ ಅಕ್ಕ ತನ್ನ ಪಾಲನ್ನು ತೋಟ ನೋಡಿಕೊಳ್ಳುವ ತಮ್ಮನಿಗೆ ಕೊಡುತ್ತಾಳೆ. ಹಣದ ಮಾತಿಲ್ಲ, ಜಗಳವೂ ಇಲ್ಲ. ಕಚೇರಿಗಳಿಗೆ ಅನುಮಾನ ಬರುವುದೇ ಅಲ್ಲಿ.

ಸರ್ಕಾರ ಮಾತ್ರ ಉದಾರಿ. ಒಡಹುಟ್ಟಿದವರ ನಡುವಿನ ದಾನಪತ್ರಕ್ಕೆ ಆಸ್ತಿಯ ಬೆಲೆ ನೋಡಿ ಶೇಕಡಾ ಲೆಕ್ಕ ಹಾಕುವುದಿಲ್ಲ, ನಿಗದಿತ ಮುದ್ರಾಂಕ ಶುಲ್ಕ, ಇಬ್ಬರು ಸಾಕ್ಷಿಗಳು, ನೋಂದಣಿ, ಅಷ್ಟೇ. ಆದರೆ ಕುಟುಂಬದ ಮೂಲಮನೆಯಾದ ಒಂದೇ ಐನ್‌ಮನೆಯಲ್ಲಿ ಆಡಿ ಬೆಳೆದ ದೊಡ್ಡಪ್ಪನ ಮಗನಿಗೆ ಕೊಟ್ಟು ನೋಡಿ, ಪೂರ್ತಿ ಸುಂಕ! ಪಹಣಿಯಲ್ಲಿ ತೀರಿಹೋದ ಪಟ್ಟೇದಾರರ (ಕುಟುಂಬದ ಹಿರಿಯರ) ಜೊತೆ ಇಡೀ ಒಕ್ಕದ, ಅಂದರೆ ಕುಲದ, ಹೆಸರು ಸಾಲಾಗಿ ಕೂತಿರಬಹುದು. ಮುದ್ರಾಂಕ ಕಾಯ್ದೆಗೆ ಅವರೆಲ್ಲ ಪರಕೀಯರು.

ಈಗ ಬ್ಯಾಂಕಿಗೆ ಬನ್ನಿ. ಅಡವಿಟ್ಟ ಆಸ್ತಿಯ ಪಾಲನ್ನು ವರ್ಗಾಯಿಸಲೇಬಾರದು ಎಂದು ಕಾನೂನಿಲ್ಲ, ಪಡೆದವನು ಅದರ ಮೇಲಿನ ಅಡಮಾನವನ್ನೂ ಸೇರಿಸಿ ಪಡೆಯುತ್ತಾನೆ. ಆದರೆ ಸಾಲದ ಕರಾರಿನ ಸಣ್ಣ ಅಕ್ಷರದಲ್ಲಿ 'ಬ್ಯಾಂಕಿನ ಲಿಖಿತ ಒಪ್ಪಿಗೆ' ಎಂದಿರುತ್ತದೆ. ಮೂಲಪತ್ರ ಅವರ ಬೀರುವಿನಲ್ಲಿ, ಸಾಲ ಪಹಣಿಯ 11ನೇ ಕಾಲಂನಲ್ಲಿ. ಆ ಒಪ್ಪಿಗೆಯ ಪತ್ರ, ಅಂದರೆ ಎನ್‌ಒಸಿ ಕೇಳಿದರೆ ಶಾಖೆಯವರು ಮೇಲಿನ ಕಚೇರಿ ಕಡೆ, ಮೇಲಿನವರು ವಕೀಲರ ಕಡೆ ಕೈ ತೋರಿಸುತ್ತಾರೆ.

'ನನ್ನ ಮೂರನೇ ಒಂದು ಭಾಗದ ಸಾಲ ಕಟ್ಟುತ್ತೇನೆ, ನನ್ನ ಪಾಲು ಬಿಡಿ' ಎಂದು ಅಕ್ಕ ಕೇಳಬಹುದು. ಬ್ಯಾಂಕು ತಾನಾಗಿ ಒಪ್ಪಿದರೆ ಉಂಟು. ಇಲ್ಲವಾದರೆ 1882ರ ಆಸ್ತಿ ವರ್ಗಾವಣೆ ಕಾಯ್ದೆಯ 60ನೇ ಕಲಂ ಅಡ್ಡ ನಿಲ್ಲುತ್ತದೆ: ಅಡಮಾನ ಬಿಡಿಸುವುದಾದರೆ ಪೂರ್ತಿ ಬಿಡಿಸಿ, ತುಂಡು ಮಾಡಿ ಕೇಳಬೇಡಿ.

ಕೊನೆಗೂ ಎನ್‌ಒಸಿ ಬಂತು, ದಾನಪತ್ರ ಆಯಿತು, ಖಾತೆಯೂ ಬದಲಾಯಿತು. ಆರು ತಿಂಗಳಿಗೆ ಕಂತು ತಪ್ಪಿತು. ನೋಟಿಸ್ ಯಾರಿಗೆ? ಮೈಸೂರಿನ ಅಕ್ಕನಿಗೂ. ಮೇಡಂ, ನೀವು ಪಾಲು ಬಿಟ್ಟಿರಿ, ನಾವು ನಿಮ್ಮನ್ನು ಬಿಟ್ಟಿಲ್ಲವಲ್ಲ! ಜಂಟಿ ಸಾಲಗಾರರಲ್ಲಿ ಯಾರೊಬ್ಬರಿಂದಲೂ ಇಡೀ ಮೊತ್ತ ವಸೂಲಿ ಮಾಡಬಹುದು, ಕರಾರು ಕಾಯ್ದೆ 1872ರಿಂದ ಅದನ್ನೇ ಹೇಳುತ್ತಿದೆ. ಒಂದು ಗಿಡವೂ ಇಲ್ಲದವಳಿಗೆ ತೋಟದ ಪೂರ್ತಿ ಸಾಲ, ಸಾಲ ಮರುಪಾವತಿಯ ದಾಖಲೆಯಾದ ಸಿಬಿಲ್‌ನಲ್ಲಿ ಕಪ್ಪು ಚುಕ್ಕೆ. ಎನ್‌ಒಸಿ ಕೊಡುವ ದಿನ ಇದನ್ನು ಒಂದು ವಾಕ್ಯದಲ್ಲಿ ಹೇಳಬಹುದಿತ್ತು. ಹೇಳುವುದಿಲ್ಲ. ಸಹಿ ಹಾಕಿಸುವಾಗ ಮೂವರನ್ನೂ ಕರೆಸಿ ಕಾಫಿ ಕೊಟ್ಟವರಿಗೆ ಆ ಒಂದು ವಾಕ್ಯ ಭಾರವಾಯಿತೇ?

ಹಾಗಾಗಿ ದಾನಪತ್ರಕ್ಕೆ ಮೊದಲೇ, ಸಾಧ್ಯವಾದರೆ ಬೆಳೆಸಾಲ ನವೀಕರಿಸುವ ಹೊತ್ತಿಗೇ, ಎರಡು ಪತ್ರ ಕೇಳಬೇಕು: ಒಂದು ವರ್ಗಾವಣೆಗೆ ಒಪ್ಪಿಗೆ, ಇನ್ನೊಂದು ಅಕ್ಕನನ್ನು ಸಾಲಗಾರರ ಸ್ಥಾನದಿಂದ ಬಿಡುಗಡೆ ಮಾಡಿದ್ದಕ್ಕೆ. ಎರಡನೆಯದಕ್ಕೆ ಸಾಲದ ಕಾಗದಗಳೆಲ್ಲ ಹೊಸದಾಗಬೇಕು, ಉಳಿದಿಬ್ಬರೂ ಸಹಿ ಹಾಕಬೇಕು. 'ಇನ್ನು ಸಾಲವೆಲ್ಲ ತಮ್ಮನದೇ' ಎಂದು ದಾನಪತ್ರದಲ್ಲಿ ಎಷ್ಟು ದಪ್ಪಕ್ಷರದಲ್ಲಿ ಬರೆಸಿದರೂ ಅದು ಕಟ್ಟಿಹಾಕುವುದು ತಮ್ಮನನ್ನು, ಬ್ಯಾಂಕನ್ನಲ್ಲ.