ಕಂಬಳಿಗೆ ಮೈಲಿಗೆಯಿಲ್ಲ

ರಾತ್ರಿ ರೈಲಿನ ಎಸಿ ಬೋಗಿ ಹತ್ತಿದರೆ ಕಾಗದದ ಪೊಟ್ಟಣವೊಂದು ಕೈಗೆ ಬರುತ್ತದೆ. ಒಳಗೆ ಇಸ್ತ್ರಿಯಾದ ಎರಡು ಬಿಳಿ ಚಾದರ. ಅದೃಷ್ಟ ಚೆನ್ನಾಗಿದ್ದರೆ ಪುಟ್ಟದೊಂದು ಟವೆಲ್. ಒಬ್ಬರು ಬಳಸಿದ ಮೇಲೆ ಇವೆಲ್ಲ ಲಾಂಡ್ರಿಗೆ ಹೋಗಬೇಕೆಂಬುದು ನಿಯಮ. ಕಂಬಳಿಗೆ ಆ ಗಡಿಬಿಡಿಯಿಲ್ಲ, ಅದು ಬೋಗಿಯ ಕಾಯಂ ನೌಕರ. ನಡುರಾತ್ರಿ ಅರಸೀಕೆರೆಯಲ್ಲಿ ಒಬ್ಬರು ಇಳಿದರೆ ನಾಲ್ಕು ಮಡಿಕೆ ಮಾಡಿ ಇಟ್ಟರಾಯಿತು, ಮುಂದಿನವರಿಗೆ ಬರ್ತ್ ಸಿದ್ಧ. ಹಿಂದಿನವರ ಮೈಬಿಸಿ ಉಚಿತ.

ಇದರಲ್ಲಿ ಗುಟ್ಟೇನೂ ಇಲ್ಲ. ಕಂಬಳಿಯನ್ನು ಎರಡು ತಿಂಗಳಿಗೊಮ್ಮೆ ಒಗೆಯುತ್ತೇವೆಂದು 2016ರಲ್ಲಿ ರೈಲ್ವೆಯವರು ಸಂಸತ್ತಿಗೇ ಹೇಳಿದರು. 2024ರ ನವೆಂಬರಿನಲ್ಲಿ ರೈಲ್ವೆ ಸಚಿವ ಅಶ್ವಿನಿ ವೈಷ್ಣವ್ ಲೋಕಸಭೆಗೆ ಕೊಟ್ಟ ಉತ್ತರದಲ್ಲಿ ಅದು ತಿಂಗಳಿಗೊಮ್ಮೆಯಾದರೂ ಎಂದಾಯಿತು. ಎಂಟು ವರ್ಷದಲ್ಲಿ ಸ್ವಚ್ಛತೆ ದುಪ್ಪಟ್ಟು! ಇದೇ ವೇಗದಲ್ಲಿ ಸಾಗಿದರೆ 2064ರ ಸುಮಾರಿಗೆ ನಮ್ಮ ಮೊಮ್ಮಕ್ಕಳು ದಿನವೂ ಒಗೆದ ಕಂಬಳಿ ಹೊದೆಯಬಹುದು. ನಡುವೆ 2017ರಲ್ಲಿ ಸರ್ಕಾರದ ಲೆಕ್ಕ ತಪಾಸಿಸುವ ಸಿಎಜಿಯವರು ತಮ್ಮ ವರದಿಯಲ್ಲಿ, ಕೆಲವೆಡೆ ಕಂಬಳಿಗಳು ಆರು ತಿಂಗಳಾದರೂ ನೀರು ಕಂಡಿಲ್ಲವೆಂದು ಬರೆದು ರಸಭಂಗ ಮಾಡಿದರು.

ರೈಲ್ವೆಯನ್ನು ಬೈಯುವವರಿಗೆ ಶಾಸ್ತ್ರ ಗೊತ್ತಿಲ್ಲ. ಹಳೆಯ ಮನೆಗಳಲ್ಲಿ ಹತ್ತಿಬಟ್ಟೆ ಮುಟ್ಟಿದರೆ ಮೈಲಿಗೆ; ಉಣ್ಣೆಯ ಧಾಬಳಿಗೆ ಮಾತ್ರ ಸದಾ ಮಡಿ. ಅಜ್ಜಿಯಂದಿರು ನೀರು ತೋರಿಸದೆಯೇ ಅದನ್ನುಟ್ಟು ಅಡುಗೆ ಮಾಡುತ್ತಿದ್ದರು. ರೈಲ್ವೆ ಮಂಡಳಿ ಆ ಸಂಪ್ರದಾಯವನ್ನು ಅಚ್ಚುಕಟ್ಟಾಗಿ ಉಳಿಸಿಕೊಂಡು ಬಂದಿದೆ: ಚಾದರಕ್ಕೆ ಮೈಲಿಗೆ, ಕಂಬಳಿಗೆ ಇಲ್ಲ. ಒಂದೇ ವ್ಯತ್ಯಾಸವೆಂದರೆ ಅಜ್ಜಿಯ ಧಾಬಳಿಯನ್ನು ಅಜ್ಜಿ ಬಿಟ್ಟು ಬೇರೆ ಯಾರೂ ಮುಟ್ಟುವಂತಿರಲಿಲ್ಲ. ಇಲ್ಲಿ ಒಂದು ತೊಳೆತದಿಂದ ಇನ್ನೊಂದರ ನಡುವೆ ಶೀತದವರು, ಕೆಮ್ಮಿನವರು, ಕೋಳಿ ಬಿರಿಯಾನಿ ತಿಂದು ಕೈ ಒರೆಸಿಕೊಂಡವರು, ಎಲ್ಲರೂ ಒಂದೇ ಹೊದಿಕೆಯಡಿ. ಜಾತ್ಯತೀತತೆಗೆ ಇಷ್ಟು ದೊಡ್ಡ ಸೇವೆಯನ್ನು ಸರ್ಕಾರದ ಬೇರೆ ಯಾವ ಇಲಾಖೆಯೂ ಮಾಡಿಲ್ಲ.

ಬೋಗಿಯನ್ನು ಅಷ್ಟು ತಣ್ಣಗೆ ಮಾಡಿ ಕಂಬಳಿ ಕೊಡುವುದೇಕೆ ಎಂದು ಕೇಳಬಾರದು. ಸಿಎಜಿ ವರದಿಯ ನಂತರ, ತಾಪಮಾನವನ್ನು 24 ಡಿಗ್ರಿಗೆ ಏರಿಸಿ ಕಂಬಳಿಯನ್ನೇ ಕೈಬಿಡುವ ಯೋಚನೆ ಹೊಳೆದಿತ್ತು. ಕಂಬಳಿ ಅದನ್ನೂ ಗೆದ್ದಿತು. ಕೊರೊನಾ ಕಾಲದಲ್ಲಿ ರಜೆಯ ಮೇಲೆ ಹೋದದ್ದು 2022ರಲ್ಲಿ ಮತ್ತೆ ಕೆಲಸಕ್ಕೆ ಹಾಜರಾಯಿತು.

2025ರ ಅಕ್ಟೋಬರಿನಲ್ಲಿ ಜೈಪುರ–ಅಸಾರ್ವಾ ರೈಲಿನಲ್ಲಿ ಪ್ರಯೋಗವಾಗಿ ಹೊಸ ಪರಿಹಾರ ಬಂತು: ಕಂಬಳಿಗೆ ರಾಜಸ್ಥಾನದ ಸಾಂಗಾನೇರಿ ಮುದ್ರಣದ ಚೆಂದದ ಗವಸು. ಚಳಿಗೆ ನಮಗೆ ಕಂಬಳಿ, ಲಜ್ಜೆಗೆ ಕಂಬಳಿಗೊಂದು ಅಂಗಿ.

ಇನ್ನು ಕಳ್ಳರ ಮಾತು. 2017–18ರಲ್ಲಿ ಪಶ್ಚಿಮ ರೈಲ್ವೆಯೊಂದರಲ್ಲೇ 1.95 ಲಕ್ಷ ಟವೆಲ್, 7,043 ಕಂಬಳಿ ಕಳುವಾದವು. ಜನ ಅವರನ್ನು ಹಳಿದರು. ಆದರೆ ಆ ಏಳು ಸಾವಿರ ಕಂಬಳಿಗಳಿಗಾದರೂ ಮನೆ ಸೇರಿದ ದಿನವೇ ಸೋಪು ಕಾಣುವ ಯೋಗ ಬಂದಿರಬೇಕು. ಉಳಿದವು ಸೇವೆಯಲ್ಲಿ ಮುಂದುವರಿದವು.